ಭಂಡಾರದ ಸಾಕ್ಷಿ

ಒದ್ದೆ ಕಂಬಳಿಯ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಕುರಿಯ ಮೈ, ಒಲೆಯ ಹೊಗೆ, ಹುಣಸೆಬೀಜದ ಗಂಜಿ, ಹಳೆಯ ಮಳೆ ಎಲ್ಲ ಸೇರಿದ ಒಂದು ಮುಗ್ಗು ವಾಸನೆ ಅದು. ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥಕ್ಕೆಂದು ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಕರಜಗಿಗೆ ಹೊರಟಿದ್ದೆ. ದಾರಿಯಲ್ಲಿ ಒಬ್ಬ ಮುದುಕ ತಲೆಯ ಮೇಲೆ ಕರಿ ಕಂಬಳಿ ಹೊದ್ದುಕೊಂಡು ಹತ್ತಿದ. ಕಂಬಳಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಾಮಾ, ಹಿಂಡಿ ಹತ್ತಬೇಕಿಲ್ಲೇನ," ಎಂದು ಕಂಡಕ್ಟರ್ ತಮಾಷೆ ಮಾಡಿದ. ಜನ ನಕ್ಕು ಆಚೆ ಸರಿದರು. ನಾನು ಸರಿಯಲಿಲ್ಲ, ಮುದುಕ ನನ್ನ ಪಕ್ಕದಲ್ಲೇ ಕೂತ. ಸ್ವಲ್ಪ ಹೊತ್ತಿಗೆ ನನ್ನ ಕಣ್ಣು ತುಂಬಿಬಂತು. ಆಚೆ ಸೀಟಿನ ಹೆಂಗಸು, "ಬಸ್ಸಿನ ವಾಸನಿ ತಡಿಯಂಗಿಲ್ಲೇನ್ರಿ? ಕಿಡಕಿ ತೆಗಿಲೇನು?" ಎಂದು ಕೇಳಿದಳು. ತೆಗೆಯಿರಿ ಎಂದೆ.

ಅದಕ್ಕೂ ಐದು ವರ್ಷ ಹಿಂದಿನ ಒಂದು ಮಳೆಗಾಲವನ್ನು ನಾನು ಯಾರ ಹತ್ತಿರವೂ ಸರಿಯಾಗಿ ಹೇಳಿಲ್ಲ. ಮನೆಯಲ್ಲಿ ಅರ್ಧ ಹೇಳಿದ್ದೇನೆ. ಆ ಅರ್ಧದಲ್ಲಿ ತಪ್ಪೆಲ್ಲ ಕಂಪನಿಯದು. ಈಗ ಇನ್ನರ್ಧವನ್ನೂ ಬರೆಯುತ್ತಿದ್ದೇನೆ.

ಆಗ ನಾನು ಸೋಲಾಪುರದ ಒಂದು ಟವೆಲ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಮಗ್ಗದ ಕಡೆಗಲ್ಲ, ಕಂಪನಿಯ ಹೆಸರಿನಲ್ಲಿ ಊರುಗಳಿಗೆ ಏನಾದರೂ ಒಳ್ಳೆಯದು ಮಾಡುವ ವಿಭಾಗಕ್ಕೆ. ಆ ಟವೆಲುಗಳನ್ನು ಕೊಳ್ಳುವ ಪರದೇಶದ ಅಂಗಡಿಯವರಿಗೆ ಟವೆಲಿನ ಜತೆ ಒಂದಿಷ್ಟು ಹಸಿರೂ ಬೇಕಾಗಿತ್ತು. ನೀವು ನಿಮ್ಮ ಸುತ್ತಲಿನ ನೆಲಕ್ಕೆ, ಜನಕ್ಕೆ ಏನು ಮಾಡಿದಿರಿ, ತೋರಿಸಿ ಎಂದು ಅವರು ಕೇಳುತ್ತಿದ್ದರು. ತೋರಿಸುವುದಕ್ಕೆ ಊರು ಬೇಕು, ಊರಿನೊಳಗೆ ಹೋಗುವುದಕ್ಕೆ ನಾನು ಬೇಕು. ಅಕ್ಕಲಕೋಟೆ ತಾಲೂಕಿನ ಆ ಮೂಲೆಯಲ್ಲಿ ಹುಡುಗರು ಮರಾಠಿಯಲ್ಲಿ ಉತ್ತರ ಕೊಟ್ಟಾರು, ಹಿರಿಯರ ಬಾಯಿ ಬಿಡಿಸಲು ಕನ್ನಡವೇ ಬೇಕು. ಸಂದರ್ಶನದಲ್ಲಿ ನನಗೆ ಕೇಳಿದ ಗಟ್ಟಿ ಪ್ರಶ್ನೆ ಅದೊಂದೇ.

ವಿಭಾಗದ ಮುಖ್ಯಸ್ಥರು ನಿಖಿಲ್ ಸರ್, ಪುಣೆಯವರು. ಒಳ್ಳೆಯವರು. ಇವತ್ತಿಗೂ ಬರೆಯಲು ಕೂತರೆ ಒಳ್ಳೆಯವರು ಎಂದೇ ಕೈ ಬರೆಯುತ್ತದೆ, ಅದಕ್ಕೇ ನನಗೆ ಸಿಟ್ಟು. ನೆಲದ ಮೇಲೆ ಕೂತು ಎಲ್ಲರ ಜತೆ ರೊಟ್ಟಿ ತಿನ್ನುತ್ತಿದ್ದರು. ಹೆಂಗಸರನ್ನು ತಾಯಿ ಎಂದು ಕರೆಯುತ್ತಿದ್ದರು. "ಚಲೋ ಐತಿ" ಎಂಬ ಒಂದು ಮಾತನ್ನು ಕಲಿತು ಅದನ್ನು ಚಹಕ್ಕೂ ಮಳೆಗೂ ಸಮವಾಗಿ ಹೇಳುತ್ತಿದ್ದರು. ಕಂಪನಿ ಮತ್ತು ಊರು ಕೈ ಜೋಡಿಸಿದರೆ ಬೋಳು ನೆಲ ಕೂಡ ಹಸಿರಾಗುತ್ತದೆ ಎಂದು ಅವರು ಹೇಳುವಾಗ ನಾನು ಅವರಿಗಿಂತ ಹೆಚ್ಚು ನಂಬುತ್ತಿದ್ದೆ.

ನಾವು ಆರಿಸಿದ್ದು ಕರಜಗಿಯಿಂದ ಆಚೆಯ ಒಂದು ಸಣ್ಣ ಊರು. ಹೆಸರು ಬರೆಯುವುದಿಲ್ಲ. ಆ ಊರಿಗೆ ನಾನು ಮಾಡಿದ್ದು ಸಾಕು. ಊರ ಹೊರಗೆ ಎಲ್ಲರ ದನ ಕುರಿ ಮೇಯುವ ಸರಕಾರಿ ಹುಲ್ಲುಗಾವಲು, ಅದಕ್ಕೆ ನಮ್ಮ ಕಡೆ ಗಾಯರಾಣ ಎನ್ನುತ್ತೇವೆ. ಇಳಿಜಾರು ನೆಲ, ಕಲ್ಲು ಜಾಸ್ತಿ, ಕೆಳಗೆ ಸಂಕ್ರಾಂತಿಗೆಲ್ಲ ಬತ್ತುವ ಒಂದು ಕೆರೆ. ಯೋಜನೆ ಸರಳವಾಗಿತ್ತು. ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡುವುದು, ಮೇಲಿನ ಅರ್ಧದಲ್ಲಿ ಬೇವು, ಹೊಂಗೆ, ಬಾರಿಹಣ್ಣಿನ ಗಿಡ ನೆಡುವುದು, ಕೆಳಗಿನ ಅರ್ಧದಲ್ಲಿ ಹುಲ್ಲು ಬಿಡುವುದು. ಯಂತ್ರ, ಸಸಿ, ತಂತಿ ಬೇಲಿ ಕಂಪನಿಯವು. ಮೈಕೆಲಸ ಊರಿನದು. ಊರು ಕೊಡಬೇಕಾದ ಇನ್ನೊಂದು ಇತ್ತು. ಜೂನಿನ ಮಿರಗದ ಮಳೆಯಿಂದ ದೀಪಾವಳಿಯ ಪಾಡ್ಯದವರೆಗೆ ಗಾಯರಾಣದೊಳಗೆ ಒಂದು ಪ್ರಾಣಿಯೂ ಹೋಗಬಾರದು. ಪಾಡ್ಯದ ದಿನ ಗೇಟು ತೆರೆದು ಹುಲ್ಲಿನ ಭಾಗವನ್ನು ಕುರಿಗಳಿಗೆ ಬಿಡುವುದು, ಗಿಡದ ಭಾಗ ಮಾತ್ರ ಮೂರು ವರ್ಷ ಮುಚ್ಚಿಡುವುದು.

ಹೇಳಲು ನಾಲ್ಕೈದು ತಿಂಗಳು. ಆದರೆ ಆ ಊರಿನಲ್ಲಿ ಕುರುಬರ ಮನೆಗಳೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ಯಾವ ಹೊಲದವರಾದರೂ ಕುರಿ ನಿಲ್ಲಿಸಿ ಗೊಬ್ಬರ ಹಾಕಿಸಿಕೊಳ್ಳಲು ಕರೆಯುತ್ತಾರೆ. ಮಳೆಗಾಲದಲ್ಲಿ ಎಲ್ಲ ಹೊಲದಲ್ಲೂ ತೊಗರಿ, ಉದ್ದು, ಸೋಯಾ. ಕುರಿ ಬಾಯಿ ಹಾಕಲು ಗಾಯರಾಣ ಒಂದೇ ಜಾಗ. ಅದನ್ನೇ ಮುಚ್ಚಿ ಎಂದು ನಾವು ಕೇಳಿದ್ದು, ಅಂಗಡಿಯವನಿಗೆ ದೀಪಾವಳಿಯ ವಾರವೇ ಬಾಗಿಲು ಹಾಕು ಎಂದ ಹಾಗೆ.

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆ ಕೂಡಿತು. ನಿಖಿಲ್ ಸರ್ ಮರಾಠಿಯಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಇಡುವುದು. ಜನ ಕೇಳಿಸಿಕೊಂಡರು. ಕಡೆಗೆ ಹಿರಿಯನಾದ ಮಾಳಪ್ಪಜ್ಜ ಎಲೆಯಡಿಕೆ ಉಗುಳಿ ಬಂದು, "ಸಾಹೇಬ್ರು ಬೇಲ-ಭಂಡಾರ ಎತ್ತತಾರೇನ ಕೇಳವ್ವ," ಎಂದ.

ಭಂಡಾರ ಎಂದರೆ ದೇವರ ಅರಿಸಿನ. ಕಂಬಳಿ ಹಾಸಿ ಅದರ ಮೇಲೆ ಅರಿಸಿನ ಸುರಿದು ಒಂದು ಬಿಲ್ವದೆಲೆ ಇಡುತ್ತಾರೆ. ಎಲೆಯ ಸಮೇತ ಮುಷ್ಟಿ ತುಂಬಿ ಎತ್ತಿ ದೇವರ ಎದುರು ಮಾತು ಕೊಟ್ಟರೆ ಅದು ಮುರಿಯಬಾರದ ಮಾತು. ಹೊಲದ ಬದುವಿನ ಜಗಳ, ಕುರಿ ಪಾಲಿನ ಜಗಳ ಅಲ್ಲಿ ಹಾಗೆಯೇ ಮುಗಿಯುತ್ತವೆ. ನಾನು ಅಳುಕುತ್ತಲೇ ಇದನ್ನು ಮರಾಠಿಯಲ್ಲಿ ಹೇಳಿದೆ. ನಿಖಿಲ್ ಸರ್ ಮುಖ ಅರಳಿತು. ಬೂಟು ಬಿಚ್ಚಿ, ಕೈಕಾಲು ತೊಳೆದು ಬಂದರು. ಬರುವ ಮುಂಚೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು ಫೋಟೋ ತೆಗೆ ಎಂದರು.

ಅವರು ಮುಷ್ಟಿ ಎತ್ತಿ, ಪಾಡ್ಯದ ದಿನ ನನ್ನ ಕೈಯಿಂದ ಗೇಟು ತೆರೆಯುತ್ತೇನೆ ಎಂದು ಮರಾಠಿಯಲ್ಲಿ ಹೇಳಿದರು. ಆಮೇಲೆ ಮಾಳಪ್ಪಜ್ಜ ಎತ್ತಿದ. "ಕಂಪನಿಯವ್ರು ತಮ್ಮ ಕೈಲೆ ಬಾಗ್ಲಾ ತೆರಿಯೂತನಕ ನಮ್ಮ ಊರಂದು ಒಂದ ಕುರಿ, ಒಂದ ಆಡು ಒಳಗ ಕಾಲಿಡಂಗಿಲ್ಲ. ಇದು ನಂದು ಮಾತು." ಹಳದಿ ಮುಷ್ಟಿಗಳು ಎರಡೂ ಚೆನ್ನಾಗಿ ಬರುವ ಹಾಗೆ ನಾನು ಫೋಟೋ ತೆಗೆದೆ.

ಭಂಡಾರ ಎಲ್ಲರ ಹಣೆಗೂ ಹೋಯಿತು. ನನ್ನ ಹತ್ತಿರ ಬಂದಾಗ ಮಾಳಪ್ಪಜ್ಜನ ಕೈ ನಿಂತಿತು. ನಾವು ಬೌದ್ಧರು. ನನ್ನ ಅಪ್ಪ ಹೋಟಗಿಯಲ್ಲಿ ರೈಲ್ವೆ ಗ್ಯಾಂಗಮನ್ ಆಗಿ ನಿವೃತ್ತರಾದವರು. ಮೊದಲ ದಿನವೇ ಅಜ್ಜ ಯಾರ ಪೈಕಿ ಎಂದು ಕೇಳಿದ್ದ, ನಾನು ಹೇಳಿದ್ದೆ. ಅವನ ಹೆಂಡತಿ ಸಾಬವ್ವ ತನ್ನ ಮನೆಯವರು ಕುಡಿಯುವ ಕಪ್ಪಿನಲ್ಲೇ ನನಗೆ ಚಹ ಕೊಟ್ಟಿದ್ದಳು. ಆ ಮಾತು ಅಲ್ಲಿಗೆ ಮುಗಿದಿತ್ತು.

"ನಾವು ಭಂಡಾರ ಹಚ್ಚಂಗಿಲ್ಲ ಅಜ್ಜಾ," ಎಂದೆ.

"ಗೊತ್ತೈತಿ ಯವ್ವಾ. ನೀ ಹಚ್ಚಬ್ಯಾಡ. ನೀ ಓದಿದಾಕಿ, ಸಾಕ್ಷಿ ನಿಂದ್ರ. ನಿನ್ನ ಮಾತ ನಮಗ ಸಾಕು."

ನನಗೆ ಅವತ್ತು ಎಷ್ಟು ಸಂತೋಷವಾಯಿತೆಂದರೆ, ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ಮೊದಲು ಸಂತೋಷವೇ ಬರುತ್ತದೆ, ನಾಚಿಕೆ ಆಮೇಲೆ.

ನನ್ನ ಚೀಲದಲ್ಲಿ ಒಂದು ಕಾಗದವಿತ್ತು. ಹಿಂದಿನ ಭಾನುವಾರ ಮನೆಯಲ್ಲಿ ಈ ಯೋಜನೆಯ ಬಗ್ಗೆ ಬಡಬಡಿಸಿದಾಗ ಅಪ್ಪ ಕೇಳಿದ್ದರು, "ಪಾಡ್ಯಾಕ ಗೇಟ ತೆಗಿತೀವಿ ಅನ್ನೂದು ಎಲ್ಲಿ ಬರದೈತಿ?" ನಂಬಿಕೆಯ ಮೇಲೆ ನಡೆಯುವ ಕೆಲಸ ಅಪ್ಪಾ ಎಂದಿದ್ದೆ. ಅಪ್ಪ ಎದ್ದು ಟ್ರಂಕಿನ ಕಡೆ ಬೆರಳು ತೋರಿಸಿದರು. "ನನ್ನ ಪರ್ಮನೆಂಟ್ ಮಾಡಿದ ಕಾಗದ ಇನ್ನೂ ಅದರಾಗ ಐತಿ. ಅದು ಇರ್ಲಿಲ್ಲಂದ್ರ ನೀ ಕಾಲೇಜಿನ ಮಾರಿ ನೋಡ್ತಿರ್ಲಿಲ್ಲ. ಬರಿಸ್ಕೋ ಸುಜಾ." ಅವರ ಸಮಾಧಾನಕ್ಕೆ ಮರಾಠಿಯಲ್ಲಿ ಒಂದು ಹಾಳೆ ಟೈಪ್ ಮಾಡಿಸಿಕೊಂಡು ಬಂದಿದ್ದೆ. ಅದನ್ನು ತೆಗೆದು ಸಹಿಗೆ ಮುಂದೆ ಇಟ್ಟೆ. ಮಾಳಪ್ಪಜ್ಜ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟ. "ಭಂಡಾರ ಎತ್ತಿದ ಮ್ಯಾಲ ಕಾಗದ ಕೇಳಿದ್ರ ದೇವರ ಮ್ಯಾಲ ಸಂಶೆ ಪಟ್ಟಂಗ ಆಗ್ತೈತಿ. ಸಾಹೇಬ್ರಿಗೂ ಅವಮಾನ. ಇಟಗೋ."

ನಾನು ಇಟ್ಟುಕೊಂಡೆ. ಒತ್ತಾಯ ಮಾಡಬಹುದಿತ್ತು. ನನ್ನನ್ನು ಸಾಕ್ಷಿ ನಿಲ್ಲಿಸಿದ ಮನುಷ್ಯನಿಗೆ ನಿನ್ನ ದೇವರು ಸಾಲದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮುಂದಿನ ವಾರ ಇನ್ನೊಂದು ಕಾಗದ ಬಂತು. ಗಾಯರಾಣವನ್ನು ಸಂರಕ್ಷಣೆಗಾಗಿ ಕಂಪನಿಯ ಸುಪರ್ದಿಗೆ ಕೊಡಲಾಗಿದೆ ಎಂಬ ಪಂಚಾಯತಿಯ ಪತ್ರ. ಬೇಲಿ ಹಾಕಲು ಅದು ಬೇಕೇ ಬೇಕಿತ್ತು. ಸರಪಂಚರ ಸಹಿ, ಠಸ್ಸೆ ತರಲು ನನ್ನನ್ನೇ ಕಳಿಸಿದರು. ಬಸ್ಸಿನಲ್ಲಿ ಕೂತು ಓದಿದೆ. ಎಲ್ಲಿಯವರೆಗೆ ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ನಿಖಿಲ್ ಸರ್‌ಗೆ ಫೋನ್ ಮಾಡಿ, ಸರ್, ಇದರಲ್ಲಿ ತಾರೀಖು ಇಲ್ಲ ಎಂದೆ. ಅವರು ನಕ್ಕರು. "ತಾರೀಖ ಭಂಡಾರಾತ ಆಹೇ ನಾ, ಸುಜಾತಾ." ತಾರೀಖು ಭಂಡಾರದಲ್ಲಿ ಇದೆಯಲ್ಲ ಎಂದರು. ನಾನೂ ನಕ್ಕೆ. ನಕ್ಕೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಆಮೇಲೆ ಠಸ್ಸೆ ಹಾಕಿಸಿಕೊಂಡು ಬಂದೆ.

ಮಿರಗದ ಮಳೆ ಆ ವರ್ಷ ಹೇಳಿದ ದಿನಕ್ಕೇ ಬಂತು. ಹದಿನೈದು ದಿನ ಇಡೀ ಊರು ಗಾಯರಾಣದಲ್ಲಿತ್ತು. ಯಂತ್ರ ತೋಡಿದ ಕಾಲುವೆಗಳ ಮಣ್ಣನ್ನು ಹೆಂಗಸರು ಬುಟ್ಟಿಯಲ್ಲಿ ಎತ್ತಿ ಏರಿ ಹಾಕಿದರು. ಸಾಬವ್ವ ನನ್ನ ಕೈಗೆ ಸಲಿಕೆ ಕೊಟ್ಟು, ನಾನು ತೋಡಿದ ಗುಂಡಿ ನೋಡಿ, "ಇದರಾಗ ಬೆಕ್ಕ ಸೈತ ಹುಗಿಯಾಕ ಬರಂಗಿಲ್ಲ, ಸಾಲಿ ಓದಿದವರ ಗುಂಡಿ," ಎಂದು ಎಲ್ಲರನ್ನೂ ನಗಿಸಿದಳು. ಕಂಪನಿಯ ಸಿಬ್ಬಂದಿಯೂ ಒಂದು ದಿನ ಬಂದು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಗಿಡ ನೆಟ್ಟರು. ಅವರು ನೆಟ್ಟ ಸಸಿಗಳನ್ನು ಮರುದಿನ ಸಾಬವ್ವ ಕಿತ್ತು ಸರಿಯಾಗಿ ನೆಟ್ಟಳು. ನಾನು ಅಷ್ಟು ಸುಖವಾಗಿದ್ದ ದಿನಗಳು ಕಡಿಮೆ.

ಬೇಲಿ ಬಂತು, ಗೇಟು ಬಂತು. ಕುರಿಯ ಹಿಂಡುಗಳು ಭೀಮಾ ನದಿಯ ಕಡೆ ಹೊರಟವು, ಎಲ್ಲಿ ಬೀಳು ಸಿಕ್ಕೀತೋ ಅಲ್ಲಿಗೆ. ಮಾಳಪ್ಪಜ್ಜನ ಮಗ ಮತ್ತು ಸೊಸೆ ರೇಣುಕಾ ತಮ್ಮ ಹಿಂಡು ಹೊಡೆದುಕೊಂಡು ಹೋದರು. ಅಜ್ಜ ಮಾತ್ರ ಉಳಿದ. ಭಂಡಾರ ಎತ್ತಿದವನು ತಾನು, ಕಾಯುವವನೂ ತಾನೇ ಎಂದು ಗೇಟಿನ ಪಕ್ಕದ ಬೇವಿನ ಕೆಳಗೆ ದಿನವೂ ಕೂರುತ್ತಿದ್ದ. ಅವನನ್ನು ಯಾರೂ ನೇಮಿಸಿರಲಿಲ್ಲ. ಬೇಲಿ ಸಂದಿಯಲ್ಲಿ ನುಗ್ಗಿದ ತನ್ನ ತಮ್ಮನ ಆಡನ್ನೇ ಹಿಡಿದು ಕಟ್ಟಿ, ಗುಡಿಗೆ ಐದು ತೆಂಗಿನಕಾಯಿ ದಂಡ ಹಾಕಿಸಿದ.

ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಸುರಿದು ಹೋಗುವ ಮಳೆಯಲ್ಲ, ಹಗಲಿಡೀ ಬಟ್ಟೆ ಒಣಗದ ಮಳೆ. ಕರಿಮಣ್ಣಿನ ನಾಡಿನಲ್ಲಿ ಕುರಿಗಳಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಕೆಸರಲ್ಲಿ ನಿಂತು ಗೊರಸಿನ ಸಂದಿ ಕೊಳೆಯುತ್ತದೆ, ಮರಿಗಳು ಏಳುವುದೇ ಇಲ್ಲ. ಒಂದು ಮಧ್ಯಾಹ್ನ ನಾನು ಸಸಿ ಎಣಿಸಲು ಹೋಗಿದ್ದಾಗ ರೇಣುಕಾ ಬಂದಳು. ಭೀಮಾ ದಂಡೆಯಿಂದ ಮರಿಗಳನ್ನು ಬಾಡಿಗೆ ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದಳು. ಅವಳ ಕಾಲೂ ಕೆಸರಿನಿಂದ ಬಿರಿದಿತ್ತು.

"ಮಾವಾ, ಒಳಗ ಕಲ್ಲ ನೆಲ ಐತಿ, ಒಣಾ ಐತಿ. ಎರಡ ದಿನಾ ಬಿಡ್ರಿ. ಕಾಲ ಒಣಗಿದ್ರ ಎದ್ದ ನಿಂದ್ರತಾವ," ಎಂದಳು.

ಮಾಳಪ್ಪಜ್ಜ ಮರಿಗಳ ಕಡೆ ನೋಡಲೇ ಇಲ್ಲ. "ನಾ ಎತ್ತೀನವ್ವ. ನನ್ನ ಕೈ ಕಟ್ಟೇತಿ."

ಸಾಬವ್ವ ಅಲ್ಲಿಯೇ ಇದ್ದಳು. ಗಂಡನ ಜತೆ ಮಾತು ನಡೆಯುವುದಿಲ್ಲ ಎಂದು ಗೊತ್ತಿದ್ದವಳು ನನ್ನ ಕಡೆ ತಿರುಗಿದಳು. "ನೀನರ ಹೇಳ. ನೀ ಕಂಪನಿಯಾಕಿ, ನೀ ಹೂಂ ಅಂದ್ರ ಕೇಳ್ತಾನ."

ಗೇಟಿನ ಕೀಲಿ ನನ್ನ ಚೀಲದಲ್ಲೇ ಇತ್ತು. ನಿಖಿಲ್ ಸರ್‌ಗೆ ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ಕೇಳದೆಯೂ ತೆಗೆಯಬಹುದಿತ್ತು. ನಾನು ಹೇಳಿದ್ದು ಇಷ್ಟು: "ಆಯೀ, ಅಜ್ಜಾರ ಮಾತ ಬರೋಬರಿ ಐತಿ. ಒಬ್ಬರಿಗೆ ಬಿಟ್ರ ಎಲ್ಲಾರೂ ಕೇಳ್ತಾರ. ಪಾಡ್ಯಾ ಇನ್ನೇನ ದೂರ ಇಲ್ಲ."

ರೇಣುಕಾ ಮರಿಗಳನ್ನು ಮನೆಯ ಪಡಸಾಲೆಯಲ್ಲಿ ಕಟ್ಟಿದಳು. ಹೆಚ್ಚಿನವು ಆ ವಾರದಲ್ಲೇ ಸತ್ತವು. ನಾನು ಆ ತಿಂಗಳ ವರದಿಯಲ್ಲಿ, ತನ್ನ ಮನೆಯ ಕುರಿಗಳಿಗೂ ಬಾಗಿಲು ತೆರೆಯದ ಹಿರಿಯ ಎಂದು ಮಾಳಪ್ಪಜ್ಜನ ಬಗ್ಗೆ ಒಂದು ಪುಟ ಬರೆದೆ. ಚೆನ್ನಾಗಿಯೇ ಬರೆದೆ. ನಿಖಿಲ್ ಸರ್ ಅದನ್ನು ಪರದೇಶದ ಅಂಗಡಿಯವರಿಗೆ ಇಂಗ್ಲಿಷಿನಲ್ಲಿ ಮಾಡಿ ಕಳಿಸಿದರು. ಓದಿದ ಅಲ್ಲಿನವರು ಅತ್ತರಂತೆ. ನನಗೆ ಶಾಬಾಶ್ ಸಿಕ್ಕಿತು.

ಭಾದ್ರಪದ ಬಂದಾಗ ಗಾಯರಾಣ ಗುರುತು ಸಿಗದ ಹಾಗೆ ಬದಲಾಗಿತ್ತು. ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಕೆರೆ ತುಂಬಿ ಕೋಡಿ ಬಿದ್ದಿತ್ತು, ಕೆಳಗಿನ ಬಾವಿಗಳಲ್ಲಿ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿತ್ತು. ಬೇಲಿಯ ಹೊರಗೆ ನಿಂತು ಮಾಳಪ್ಪಜ್ಜ ಒಂದೊಂದೇ ಹುಲ್ಲಿನ ಹೆಸರು ಹೇಳುತ್ತಿದ್ದ. ತಾನು ಹುಡುಗನಿದ್ದಾಗ ನೋಡಿದ ಒಂದು ಹುಲ್ಲು ಮತ್ತೆ ಬಂದಿದೆ ಎಂದು ಎಳೆದು ನನ್ನ ಕೈಗೆ ಕೊಟ್ಟು ಮೂಸಿ ನೋಡು ಎಂದ. ಇದರಲ್ಲಿ ಸುಳ್ಳು ಏನೂ ಇರಲಿಲ್ಲ. ಊರೂ ಕಂಪನಿಯೂ ಕೂಡಿ ಮಾಡಿದರೆ ನೆಲ ತಿರುಗಿ ಏಳುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಅದು ಸುಳ್ಳಾಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ದಸರೆಯ ಹೊತ್ತಿಗೆ ನಿಖಿಲ್ ಸರ್‌ಗೆ ಬಡ್ತಿ ಸಿಕ್ಕಿ ಪುಣೆಗೆ ಹೋದರು. ಬೀಳ್ಕೊಡುಗೆಯ ದಿನ, ಸರ್, ಪಾಡ್ಯಕ್ಕೆ ಬರಬೇಕು ಎಂದೆ. ಬರದೆ ಇರುತ್ತೇನೆಯೇ ಎಂದರು. ಹೊಸ ಅಧಿಕಾರಿ ಬಂದವರು ಮೊದಲ ವಾರವೇ ಗೇಟಿನ ಕೀಲಿ ಕೊಡಿ ಎಂದು ನನ್ನಿಂದ ತೆಗೆದುಕೊಂಡರು. ಆಗಲೂ ನನಗೆ ಏನೂ ಅನ್ನಿಸಲಿಲ್ಲ.

ಪಾಡ್ಯದ ದಿನ ಬೆಳಿಗ್ಗೆ ನಾನು ಹೊಸ ಸೀರೆ ಉಟ್ಟು ಹೋದೆ. ಊರ ಹಿಂಡುಗಳೆಲ್ಲ ತಿರುಗಿ ಬಂದಿದ್ದವು. ಕುರಿಗಳ ಬೆನ್ನಿಗೆ ಗುಲಾಲು, ಟಗರಿನ ಕೊಂಬಿಗೆ ಬಣ್ಣ, ಕೊರಳಿಗೆ ಚೆಂಡು ಹೂವು. ಡೊಳ್ಳು ಬಾರಿಸುತ್ತ ಎಲ್ಲರೂ ಗೇಟಿಗೆ ಬಂದರು. ಬಾಗಿಲಿಗೆ ಹಾಕಲು ಸಾಬವ್ವ ಮಾವಿನೆಲೆಯ ತೋರಣ ತಂದಿದ್ದಳು. ಗೇಟಿಗೆ ಹೊಸ ಬೀಗ ಬಿದ್ದಿತ್ತು. ಪಕ್ಕದಲ್ಲಿ ಹೊಸ ಫಲಕ. ಇಂಗ್ಲಿಷಿನಲ್ಲಿ ಪರದೇಶದ ಅಂಗಡಿಯ ಹೆಸರು, ಕೆಳಗೆ ಮರಾಠಿಯಲ್ಲಿ, ಜನ ಮತ್ತು ಜಾನುವಾರು ಪ್ರವೇಶ ನಿಷೇಧ. ಡೊಳ್ಳು ನಿಂತಿತು.

ನಾನು ಹೊಸ ಅಧಿಕಾರಿಗೆ ಫೋನ್ ಮಾಡಿದೆ. ಹಬ್ಬದ ದಿನ ತೊಂದರೆ ಕೊಟ್ಟೆನೆಂಬ ದನಿಯಲ್ಲಿ ಮಾತಾಡಿದರು. ಸಂಕ್ರಾಂತಿಗೆ ಪರದೇಶದವರು ನೋಡಲು ಬರುತ್ತಾರೆ, ಅಲ್ಲಿಯವರೆಗೆ ಹುಲ್ಲು ಹೀಗೇ ಇರಬೇಕು ಎಂದರು. ಆಮೇಲೆ ತೆರೆಯುತ್ತೀರಾ ಎಂದೆ. ಆಮೇಲೂ ಇಲ್ಲ, ಅವರು ಆ ಇಡೀ ಜಾಗವನ್ನು ತಮ್ಮ ಹಸಿರು ಎಂದು ಲೆಕ್ಕಕ್ಕೆ ಹಿಡಿದಿದ್ದಾರೆ, ಬಹಳ ವರ್ಷ ಪ್ರಾಣಿ ಹೋಗುವ ಹಾಗಿಲ್ಲ ಎಂದರು. ಮಾತು ಕೊಟ್ಟಿದ್ದೇವೆ ಸರ್ ಎಂದೆ. "ಯಾರು ಕೊಟ್ಟರು? ಕಾಗದ ಕಳಿಸಿ, ನೋಡೋಣ," ಎಂದರು. ಅವರ ಹತ್ತಿರ ಪಂಚಾಯತಿಯ ಪತ್ರವಿತ್ತು. ನಾನೇ ಠಸ್ಸೆ ಹಾಕಿಸಿದ್ದು.

ನಿಖಿಲ್ ಸರ್‌ಗೆ ಫೋನ್ ಹಚ್ಚಿದೆ. ಮೂರನೆಯ ಸಲಕ್ಕೆ ಎತ್ತಿದರು. ಹಿಂದೆ ಮಕ್ಕಳ ಗದ್ದಲ, ಪಟಾಕಿ. ಎಲ್ಲ ಕೇಳಿಸಿಕೊಂಡು, ಅದೀಗ ತಮ್ಮ ಕೈಯಲ್ಲಿಲ್ಲ ಎಂದರು. ಸರ್, ನೀವು ಭಂಡಾರ ಎತ್ತಿದ್ದೀರಿ ಎಂದೆ. ಮೆಲ್ಲಗೆ, "ಸುಜಾತಾ, ತೇ ತ್ಯಾಂಚ್ಯಾ ಸಮಾಧಾನಾಸಾಠೀ ಹೋತಂ," ಎಂದರು. ಅದು ಊರವರ ಸಮಾಧಾನಕ್ಕಾಗಿತ್ತು ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಮೊದಲಿನಿಂದಲೂ ಅವರಿಗೆ ಅದು ಅಷ್ಟೇ ಆಗಿತ್ತು. ಅದನ್ನು ತಿಳಿಯಲು ನನಗೆ ಒಂದು ಮಳೆಗಾಲ ಬೇಕಾಯಿತು.

ನಾನು ತಿರುಗಿ ಬಂದು ಕನ್ನಡದಲ್ಲಿ ಹೇಳಿದೆ. ಕಂಪನಿಯ ಮಾತನ್ನು ಕನ್ನಡಕ್ಕೆ ಇಡುವುದೇ ತಾನೇ ನನ್ನ ಕೆಲಸ. ಹುಡುಗರು ಹಾರೆ ತಂದರು, ಬೀಗ ಒಡೆಯುತ್ತೇವೆ ಎಂದರು. ನನಗೂ ಒಡೆಯಲಿ ಅನ್ನಿಸಿತು. ಮಾಳಪ್ಪಜ್ಜ ಗೇಟಿಗೆ ಬೆನ್ನು ಕೊಟ್ಟು ನಿಂತ.

"ಕಂಪನಿಯವ್ರು ತಮ್ಮ ಕೈಲೆ ತೆರಿಯೂತನಕ ಅಂತ ಎತ್ತೀನಿ. ತೆರದಾರೇನ? ಇಲ್ಲ. ಅಂದ್ರ ನನ್ನ ಮಾತ ಇನ್ನೂ ಮುಗದಿಲ್ಲ."

"ಅವ್ರು ಮುರದಾರ, ಕಾಕಾ," ಎಂದ ಒಬ್ಬ.

"ಅವ್ರು ಮುರದಾರ. ನಾ ಮುರದಿಲ್ಲ."

ಯಾರೂ ಅವನನ್ನು ದೂಡಲಿಲ್ಲ. ಬಣ್ಣ ಬಳಿದ ಕುರಿಗಳು ಬೇಲಿಯ ತಂತಿಗೆ ಮೂತಿ ಇಟ್ಟು ಒಳಗಿನ ಹುಲ್ಲಿಗೆ ನಾಲಗೆ ಚಾಚುತ್ತಿದ್ದವು. ಸಾಬವ್ವ ತಂದ ತೋರಣವನ್ನು ಹರಿದು ಅವುಗಳ ಮುಂದೆ ಹಾಕಿದಳು.

ಮರುದಿನ ಆಫೀಸಿಗೆ ಹೋದಾಗ ಸ್ವಾಗತ ಕೋಣೆಯ ಗೋಡೆಯ ಮೇಲೆ ದೊಡ್ಡದೊಂದು ಫೋಟೋ ಏರಿತ್ತು. ಎರಡು ಹಳದಿ ಮುಷ್ಟಿ, ನಡುವೆ ಬಿಲ್ವದೆಲೆ. ನಾನು ತೆಗೆದದ್ದು. ಅವತ್ತೇ ರಾಜೀನಾಮೆ ಮುಖಕ್ಕೆ ಎಸೆದು ಬಂದೆ ಎಂದು ಬರೆಯಲು ಆಸೆ. ಎಸೆಯಲಿಲ್ಲ. ಸಂಕ್ರಾಂತಿಗೆ ಬಂದ ಪರದೇಶದವರಿಗೆ ಬೇಲಿಯ ಹೊರಗೆ ನಿಂತ ಮಾಳಪ್ಪಜ್ಜನನ್ನು ತೋರಿಸಿ, ಇವರೇ ಅವರು ಎಂದು ಹೇಳಿದವಳೂ ನಾನೇ. ಚೈತ್ರದಲ್ಲಿ, ಮೇಯದೆ ಒಣಗಿ ನಿಂತ ಹುಲ್ಲಿಗೆ ಬೆಂಕಿ ಬಿತ್ತು. ಕುರಿ ಬಾಯಾಡಿಸಿದ್ದರೆ ಅಷ್ಟು ಹುಲ್ಲು ಉಳಿಯುತ್ತಲೇ ಇರಲಿಲ್ಲ. ಊರವರೇ ಹಸಿ ಬೇವಿನ ಟೊಂಗೆಯಿಂದ ಬಡಿದು ಆರಿಸಿದರು. ಅರ್ಧದಷ್ಟು ಸಸಿಗಳು ಸುಟ್ಟುಹೋದವು. ಅದರ ವರದಿ ಬರೆಯಲು ಕೂತಾಗ ಕೈ ಓಡಲಿಲ್ಲ. ಆಗ ಬಿಟ್ಟೆ.

ಈಗ ಸೋಲಾಪುರದ ಒಂದು ಶಾಲೆಯ ಕಚೇರಿಯಲ್ಲಿದ್ದೇನೆ. ನಾಲ್ಕು ವರ್ಷ ಆ ಊರಿನ ಕಡೆ ಮುಖ ಹಾಕಲಿಲ್ಲ. ಬಸ್ಸಿನಲ್ಲಿ ಆ ಕಂಬಳಿಯ ಪಕ್ಕ ಕೂತ ಮೇಲೆ ನಿಶ್ಚಿತಾರ್ಥದಲ್ಲಿ ಊಟ ಸೇರಲಿಲ್ಲ. ಮಧ್ಯಾಹ್ನ ಒಂದು ರಿಕ್ಷಾ ಹಿಡಿದು ಹೋದೆ.

ಗಾಯರಾಣದ ಬೇಲಿ ಕೆರೆಯ ಕಡೆ ಮಳೆಗೆ ಕುಸಿದು ಮಲಗಿತ್ತು. ಫಲಕಕ್ಕೆ ತುಕ್ಕು ಹಿಡಿದಿತ್ತು. ಕಂಪನಿಯವರು ಬಂದು ವರ್ಷದ ಮೇಲಾಯಿತು ಎಂದು ರಿಕ್ಷಾದವನು ಹೇಳಿದ. ಗೇಟಿಗೆ ಮಾತ್ರ ಬೀಗ ಇತ್ತು. ಬೇವಿನ ಕೆಳಗೆ ಯಾರೂ ಇರಲಿಲ್ಲವೆಂದು ನೇರ ಮಾಳಪ್ಪಜ್ಜನ ಮನೆಗೆ ಹೋದೆ.

ಸಾಬವ್ವ ಅಂಗಳದಲ್ಲಿ ಒಂದೇ ಒಂದು ಕುರಿಗೆ ತೊಗರಿ ಹೊಟ್ಟು ಹಾಕುತ್ತಿದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಕೂಡು ಎಂದಳು. ಹಿಂಡು ಮಾರಿದರಂತೆ. ಮಗ ಸೋಲಾಪುರದ ಗೋದಾಮಿನಲ್ಲಿ ಹಮಾಲಿ, ರೇಣುಕಾ ಅವನ ಜತೆ.

"ಬೇಲಿ ಬಿದ್ದೈತಿ. ಆಚಿ ಊರವರ ಕುರಿ ಎಲ್ಲಾ ಮೇದ ಹೋಗ್ತಾವ. ನಮ್ಮ ಊರವ್ರು ಅಷ್ಟ ಹೋಗಂಗಿಲ್ಲ," ಎಂದಳು. "ಈ ಒಂದಕ್ಕ ಒಂದ ಹೊರಿ ಹುಲ್ಲ ತರ್ತೀನಿ ಅಂದ್ರೂ ಮುದುಕಪ್ಪ ಬಿಡವಲ್ಲ. ದಿನಾ ಆ ಬಿದ್ದ ಬೇಲಿ ಕಡೆ ಹೋಗಿ ಕುಂದ್ರತಾನ. ಈಗ ಉಣ್ಣಾಕ ಬರೂ ಹೊತ್ತು."

"ಆಯೀ, ನಂದ ತಪ್ಪಾತು," ಎಂದೆ. ನಾಲ್ಕು ವರ್ಷದಿಂದ ಕಟ್ಟಿಟ್ಟ ಮಾತು ಎಷ್ಟು ಸಣ್ಣದಾಗಿ ಹೊರಗೆ ಬಂತು.

ಅವಳು ಹೊಟ್ಟಿನ ಬುಟ್ಟಿ ಕೆಳಗಿಟ್ಟಳು. "ಒಂದ ಕೇಳ್ತೀನಿ. ಪಂಚಾಯತಿ ಕಾಗದದಾಗ ತಾರೀಖ ಇರ್ಲಿಲ್ಲಂತ. ಆಮ್ಯಾಲ ಮಗ ಓದಿಸಿ ನೋಡಿದ. ನೀ ಅವತ್ತ ಅದನ್ನ ಓದಿದ್ದೇನ?"

ಓದಲಿಲ್ಲ ಎನ್ನಬಹುದಿತ್ತು. ನನ್ನ ಮನೆಯಲ್ಲಿ ಹಾಗೆಯೇ ಹೇಳಿದ್ದೇನೆ.

"ಓದಿದ್ದೆ ಆಯೀ."

ಅವಳು ಕುರಿಯ ಬೆನ್ನ ಮೇಲೆ ಕೈಯಾಡಿಸಿದಳು. ಬಯ್ಯಲಿ ಎಂದು ನಾನು ಕಾದೆ.

"ಅವಗ ಹೇಳಬ್ಯಾಡ," ಎಂದಳು ಕಡೆಗೆ. "ಎಲ್ಲಾರೂ ಹ್ವಾದ್ರು ಅವಗ. ಮಗ ಹ್ವಾದ, ಕುರಿ ಹ್ವಾದ್ವು. ಬಂದವರ ಮುಂದ ಒಂದ ಮಾತ ಹೇಳ್ತಾನ, ನಮ್ಮ ಸಾಕ್ಷಿ ಚಲೋದಿತ್ತು ಅಂತ. ಅದೊಂದು ಇರ್ಲಿ ಅವನ ಕಡೆ."

ಅಷ್ಟರಲ್ಲಿ ಮಾಳಪ್ಪಜ್ಜ ಬಂದ. ಜತೆಗೆ ಊರಿನ ಕನ್ನಡ ಶಾಲೆಗೆ ಹೊಸದಾಗಿ ಬಂದ ಮಾಸ್ತರರು. ಅಜ್ಜ ಬಾಗಿದ್ದ, ಆದರೆ ನನ್ನ ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ.

"ಮಾಸ್ತರ್ರಿ, ನಾ ಹೇಳ್ತಿದ್ನೆಲ್ಲ, ಆ ಸಾಕ್ಷಿ ನಿಂತ ಬಾಯಾರು ಇವರ ನೋಡ್ರಿ. ಹೋಟಗಿಯವ್ರು. ಭಂಡಾರ ಹಚ್ಚಲಿಲ್ಲ, ಖರೆ ಮಾತಿಗೆ ನಿಂತ್ರು. ಆ ಕಂಪನಿ ಮಂದಿ ಇವರಿಗೂ ನಮ್ಮಂಗ ಮೋಸ ಮಾಡ್ಯಾರ."

ಮಾಸ್ತರರು ನನ್ನ ಕಡೆ ತಿರುಗಿ, "ಹೌದೇನ್ರಿ ಮೇಡಂ? ನಿಮಗೂ ಗೊತ್ತಿರಲಿಲ್ಲೇನು?" ಎಂದು ಕೇಳಿದರು.

ಅಜ್ಜ ನನ್ನ ಕೈ ಬಿಟ್ಟಿರಲಿಲ್ಲ. ಸಾಬವ್ವ ಚಹಕ್ಕಿಡಲು ಒಳಗೆ ಹೋದಳು.

"ಗೊತ್ತಿರಲಿಲ್ಲರಿ," ಎಂದೆ.